ಹರಾಜು ಕೂಗುತ್ತಿದ್ದ ಕಂಡಕ್ಟ್ರಣ್ಣ

ಈ ವರ್ಷದ ಮೇಳದ ವಿಡಿಯೋ ಎಡಿಟ್ ಮಾಡಲು ಕೂತಾಗ ಏನೋ ಕೊರತೆ ಅನ್ನಿಸಿತು. ಚಿತ್ರದಲ್ಲಿ ತಪ್ಪಿರಲಿಲ್ಲ. ಬಿಸಿಲು ಹದವಾಗಿತ್ತು, ಹಿಂದೆ ಮಧುಗಿರಿ ಬೆಟ್ಟ ನಿಚ್ಚಳವಾಗಿ ಕಾಣುತ್ತಿತ್ತು, ಚುರುಮುರಿ ಅಂಗಡಿಯ ಮುಂದೆ ಜನ ಮುಗಿಬಿದ್ದಿದ್ದರು. ಮತ್ತೆ ಮತ್ತೆ ಓಡಿಸಿ ನೋಡಿದ ಮೇಲೆ ಗೊತ್ತಾಯಿತು, ದನಿಯ ಏರಿಳಿತ ತೋರಿಸುವ ಮೀಟರು ಇಡೀ ದಿನದಲ್ಲಿ ಒಮ್ಮೆಯೂ ಕೆಂಪಾಗಿರಲಿಲ್ಲ. ಹರಾಜು ಕೂಗಲು ತುಮಕೂರಿನಿಂದ ಕರೆಸಿದ್ದ ನಿರೂಪಕರು ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಬಹಳ ಹಿತವಾಗಿ ಮಾತಾಡಿದ್ದರು. ಹರಾಜು ಕೂಗುವವರು ಹಿತವಾಗಿ ಮಾತಾಡಬಾರದು ಎಂದು ನನಗೆ ಹೇಳಿಕೊಟ್ಟವರು ಕಳೆದ ಆಷಾಢದಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಮುಕ್ಕಾಲು ಪಾಲು ಜನಕ್ಕೆ ಯಾರೆಂದು ಗೊತ್ತಾಗಲಿಕ್ಕಿಲ್ಲ, ಏಕೆಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿಗೆ ಅವರು ಬರೀ ಕಂಡಕ್ಟ್ರಣ್ಣ. ಪಾವಗಡದಿಂದ ತುಮಕೂರಿಗೆ ಓಡುವ ಪ್ರೈವೇಟ್ ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಅರ್ಧ ಆಯುಷ್ಯ ಕಳೆದವರು. ಮೂಲದಲ್ಲಿ ಪಟ್ಟನಾಯಕನಹಳ್ಳಿ ಕಡೆಯ ಕುರಿ ಸಾಕುವ ಮನೆಯವರು. "ಕುರಿ ಕೂಗಿ ಗಂಟ್ಲು ತೆರೀತು, ಬಸ್ಸು ಕೂಗಿ ಗಟ್ಟಿ ಆಯ್ತು, ಅದಕ್ಕೇ ಈಗ ಹರಾಜು ಕೂಗ್ತೀನಿ" ಎಂದು ತಮ್ಮ ಚರಿತ್ರೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳಿದವರಿಗೆ, "ಟಿಕೆಟ್ ತಗಂಡಿದೀಯಾ?" ಎಂಬ ಉತ್ತರ ಸಿಗುತ್ತಿತ್ತು.

ನನ್ನದು ಬಸ್ ನಿಲ್ದಾಣದ ಹತ್ತಿರದ ಒಂದು ಸ್ಟುಡಿಯೋ. ಅಪ್ಪ ನಡೆಸುತ್ತಿದ್ದರು, ಈಗ ನಾನು. ಮದುವೆ, ನಾಮಕರಣ, ಗೃಹಪ್ರವೇಶ ಹೊಟ್ಟೆಪಾಡಿಗೆ. ವರ್ಷಕ್ಕೊಂದು ಸಲ ಮಾತ್ರ ಮನಸ್ಸಿನ ಖುಷಿಗೆ ಒಂದು ಕೆಲಸ ಒಪ್ಪಿಕೊಳ್ಳುತ್ತೇನೆ. ಊರ ಹೊರಗೆ ಕಿವಿ ಕೇಳದ ಮಕ್ಕಳಿಗಾಗಿ ಒಂದು ಸಣ್ಣ ಟ್ರಸ್ಟಿನವರು ನಡೆಸುವ ವಸತಿ ಶಾಲೆ ಇದೆ. ಮಾಘ ಮಾಸದ ಒಂದು ಭಾನುವಾರ ಶಾಲೆಯ ಬಯಲಿನಲ್ಲಿ ಸಹಾಯಾರ್ಥ ಮೇಳ. ಬೆಳಿಗ್ಗೆಯಿಂದ ಸಂಜೆಯವರೆಗಿನ ಗದ್ದಲವನ್ನೆಲ್ಲ ಮೂರು ನಿಮಿಷಕ್ಕೆ ಇಳಿಸಿ ದಾನಿಗಳಿಗೆ ಕಳಿಸುವ ವಿಡಿಯೋ ನನ್ನ ಪಾಲಿನದು. ಕಮಿಟಿಯವರು ಅದಕ್ಕೆ ರೀಕ್ಯಾಪ್ ಅನ್ನುತ್ತಾರೆ. "ಮದ್ವೆ ಊಟನೆಲ್ಲ ಒಂದೇ ತುತ್ನಲ್ಲಿ ತಿನ್ಸೋದು" ಅನ್ನುತ್ತಿದ್ದರು ಕಂಡಕ್ಟ್ರಣ್ಣ.

ಮೇಳದ ಜೀವ ಇರುವುದು ಹರಾಜಿನಲ್ಲಿ. ಸುತ್ತಲಿನ ಹಳ್ಳಿಯವರು ಕೈಲಾದದ್ದನ್ನು ತಂದು ಶಾಲೆಗೆ ಬಿಡುತ್ತಾರೆ. ಚನ್ನರಾಯನದುರ್ಗದ ಕಡೆಯಿಂದ ಹುಣಸೆಹಣ್ಣಿನ ಬುಟ್ಟಿ, ಪಾವಗಡದ ಕಡೆಯಿಂದ ಕಡಲೆಕಾಯಿ ಮೂಟೆ, ಸಿರಾದ ಹಟ್ಟಿಗಳಿಂದ ಕಂಬಳಿ, ಒಂದೆರಡು ಟಗರುಮರಿ. ಎಲ್ಲವನ್ನೂ ಮೇಜಿನ ಮೇಲಿಟ್ಟು ಕೂಗುವುದು. ಕಟ್ಟಿಹಾಕಿದ ಟಗರುಮರಿ ಮಾತ್ರ ಮೇಜಿನ ಕಾಲು ಮೂಸುತ್ತ ನಿಂತಿರುತ್ತದೆ.

ಮೊದಲ ವರ್ಷ ನಾನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನಿಂತಿದ್ದೆ. ಅವರು ಮೈಕು ಬಾಯಿಗೆ ಹಿಡಿದು "ಬರ್ರಪ್ಪೋ" ಎಂದದ್ದೇ ತಡ, ತಲೆಯೊಳಗೆ ಸಿಡಿಲು ಬಡಿದಂತಾಯಿತು. ಓಡಿಹೋಗಿ, "ಅಣ್ಣ, ಮೈಕು ಸ್ವಲ್ಪ ದೂರ ಹಿಡ್ಕೊಳ್ಳಿ, ಸೌಂಡ್ ಒಡೀತಿದೆ" ಅಂದೆ.

"ಒಡೀತಿರೋದು ಸೌಂಡಲ್ಲ ಕಣಮ್ಮ, ನಿನ್ ಮಿಷಿನ್ನು," ಅಂದರು. "ಮೆತ್ತಗೆ ಕೂಗುದ್ರೆ ಜನ ಮೆತ್ತಗೆ ಕೊಡ್ತಾರೆ. ತಾರಕದಲ್ಲಿ ಕೂಗ್ಬೇಕು, ಕೈ ತಾನಾಗೇ ಮ್ಯಾಕೆ ಓಯ್ತದೆ."

ಮನುಷ್ಯ ಸಂತನೇನೂ ಅಲ್ಲ. ಜಂಭ ಇತ್ತು. ಮೇಳದ ಹಿಂದಿನ ದಿನ ತಪ್ಪದೆ ಕೂದಲಿಗೆ ಬಣ್ಣ ಬೀಳುತ್ತಿತ್ತು, ಅವಸರದಲ್ಲಿ ಅರ್ಧ ಕಿವಿಗೂ ಬೀಳುತ್ತಿತ್ತು. ಬಲಗಡೆ ಎರಡು ಹಲ್ಲು ಇರಲಿಲ್ಲ, ಹಾಗಾಗಿ ಎಡಗಡೆಯಿಂದಲೇ ಚಿತ್ರ ತೆಗೆಯಬೇಕು. ನಾನು ಮರೆತು ಬಲಕ್ಕೆ ಹೋದರೆ ಕೂಗುತ್ತಿದ್ದ ಹರಾಜನ್ನು ಅರ್ಧಕ್ಕೇ ನಿಲ್ಲಿಸಿ, ಮೈಕಿನಲ್ಲೇ, "ಈ ಕಡೆ ಬಾರಮ್ಮ, ಆ ಕಡೆ ರೋಡು ರಿಪೇರಿ ಐತೆ" ಅನ್ನುತ್ತಿದ್ದರು. ಬಯಲೆಲ್ಲ ನಗುತ್ತಿತ್ತು. ನನಗೆ ರೇಗುತ್ತಿತ್ತು, ಆದರೆ ಮದುವೆ ಮನೆಯ ಹೆಣ್ಣಿನ ಕಡೆಯ ದೊಡ್ಡಪ್ಪಂದಿರನ್ನು ಸಹಿಸಿಕೊಂಡವಳಿಗೆ ಇದೇನು ಮಹಾ.

ಕೂಗುವುದೂ ಒಂದೇ ಭಾಷೆಯಲ್ಲಲ್ಲ. ಪಾವಗಡದವರು ಕಂಡರೆ "ಒಕಟೋಸಾರಿ, ರೆಂಡೋಸಾರಿ" ಎಂದು ತೆಲುಗಿಗೆ ಇಳಿಯುವರು. ಸಿರಾದಿಂದ ಪ್ರತಿ ವರ್ಷ ಬಟ್ಟೆ ಅಂಗಡಿಯ ಸಾಹೇಬರೊಬ್ಬರು ಬರುತ್ತಿದ್ದರು, ಅವರನ್ನು ನೋಡಿದೊಡನೆ "ಆವೋ ಸಾಬ್, ಜೇಬು ಭಾರ ಆಗೈತಂತೆ, ಸ್ವಲ್ಪ ಇಳ್ಸಿ ಓಗಿ" ಎಂದು ಉರ್ದುವನ್ನೂ ಕನ್ನಡವನ್ನೂ ಕಲಸಿ ಕೊಡುವರು. ಗಂಡ ಹೆಂಡತಿ ಜೊತೆಗೆ ನಿಂತಿದ್ದರೆ ಮುಗಿದೇ ಹೋಯಿತು. "ಅಕ್ಕಾ, ಭಾವ ಇನ್ನೂರು ಅಂತಾವ್ರೆ. ನಿಮ್ಮನ್ನ ನೋಡಕ್ಕೆ ಬಂದಾಗಲೂ ಇಂಗೇ ಚೌಕಾಸಿ ಮಾಡಿದ್ರಾ?" ಭಾವ ಬೇರೆ ದಾರಿಯಿಲ್ಲದೆ ಮುನ್ನೂರು ಅನ್ನಬೇಕು.

ಟಗರುಮರಿಯಿಂದ ಒಂದು ಸಲ ದೊಡ್ಡ ಫಜೀತಿಯಾಯಿತು. ನಮ್ಮ ಕಡೆ ಒಂದು ಪದ್ಧತಿ ಇದೆ. ಹರಾಜಿನಲ್ಲಿ ಕೊಂಡವರು ದುಡ್ಡು ಕೊಟ್ಟು, ಕೊಂಡದ್ದನ್ನೂ ಮತ್ತೆ ಬಿಟ್ಟುಕೊಟ್ಟು, "ಇನ್ನೊಂದ್ಸಾರಿ ಕೂಗ್ರಿ" ಅನ್ನುವುದುಂಟು. ಆ ವರ್ಷ ಒಂದೇ ಮರಿಯನ್ನು ನಾಲ್ಕೈದು ಜನ ಕೊಂಡು ನಾಲ್ಕೈದು ಜನವೂ ಬಿಟ್ಟುಕೊಟ್ಟರು. ನಾನು ಎಲ್ಲವನ್ನೂ ವಿಡಿಯೋದಲ್ಲಿ ಸೇರಿಸಿ ಕಳಿಸಿದೆ. ಬೆಂಗಳೂರಿನ ದಾನಿಯೊಬ್ಬರು ಶಾಲೆಯ ಹೆಡ್ ಮೇಡಂಗೆ ಫೋನು ಮಾಡಿ, "ಒಂದೇ ಕುರಿಯನ್ನು ಎಷ್ಟು ಜನಕ್ಕೆ ಮಾರಿದ್ದೀರಿ? ಇದು ಸರಿಯೇ?" ಎಂದು ಗಂಭೀರವಾಗಿ ಕೇಳಿದರಂತೆ. ಮೇಡಂ ಬೆವೆತುಹೋದರು. ಕಂಡಕ್ಟ್ರಣ್ಣನಿಗೆ ವಿಷಯ ತಿಳಿದಾಗ, "ಮರಿ ಒಂದೇ ಇರಬೌದು, ಕೊಟ್ಟೋರ ಮನಸು ನಾಲ್ಕು ಅಂತ ಹೇಳಿ ಮೇಡಮ್ಮ" ಅಂದರು. ಮೇಡಂ ಹಾಗೆಯೇ ಹೇಳಿದರು. ಮುಂದಿನ ವರ್ಷ ಆ ದಾನಿ ತಾವೇ ಬಂದು ಒಂದು ಮರಿ ಕೊಂಡು, ಜನ ಎಷ್ಟು ಹುರಿದುಂಬಿಸಿದರೂ ವಾಪಸು ಕೊಡದೆ, ಕಾರಿನಲ್ಲಿ ಹಾಕಿಕೊಂಡು ಹೋದರು.

ಶಾಲೆಯ ಮಕ್ಕಳಿಗೆ ಅವರ ದನಿ ಕೇಳುತ್ತಿರಲಿಲ್ಲ, ಆದರೂ ಹರಾಜೆಂದರೆ ಮುಂದಿನ ಸಾಲು ಬಿಟ್ಟು ಕದಲುತ್ತಿರಲಿಲ್ಲ. ಅವರ ಹುಬ್ಬು, ಕೈ, ಹೆಗಲ ಮೇಲಿನ ಟವೆಲ್ಲು ಎಲ್ಲವೂ ಮಾತಾಡುತ್ತಿದ್ದವು. ಕೈಸನ್ನೆಯಲ್ಲಿ ಮಕ್ಕಳು ಅವರಿಗೊಂದು ಹೆಸರಿಟ್ಟಿದ್ದರು. ಒಂದು ಬೆರಳು, ಎರಡು ಬೆರಳು, ಮೂರು ಬೆರಳು, ಆಮೇಲೆ ಅಂಗೈಗೆ ಗುದ್ದು. ಅಷ್ಟು ಮಾಡಿದರೆ ಕಂಡಕ್ಟ್ರಣ್ಣ ಎಂದರ್ಥ. ಅವರಿಗೆ ಅದು ಗೊತ್ತಾದ ದಿನ ಮೈಕು ಬದಿಗಿಟ್ಟು, ಮಕ್ಕಳ ನಡುವೆ ಕೂತು, ತಮ್ಮ ಹೆಸರನ್ನು ತಾವೇ ಕೈಯಲ್ಲಿ ಹೇಳಿ ಹೇಳಿ ಕಲಿತರು.

ಇಷ್ಟೆಲ್ಲ ಹೇಳಿದ್ದು ಒಂದು ಕುಂಬಳಕಾಯಿಯ ಕಥೆಗೆ ಬರಲಿಕ್ಕೆ. ಅವರನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಅದೇ.

ಶಾಲೆಯ ಹಿಂದೆ ಪಾತ್ರೆ ತೊಳೆದ ನೀರು ಹರಿಯುವ ಜಾಗದಲ್ಲಿ ಮಕ್ಕಳು ಕುಂಬಳದ ಬಳ್ಳಿ ಹಬ್ಬಿಸಿದ್ದರು. ಅದನ್ನು ಹೆಚ್ಚು ನೋಡಿಕೊಂಡವಳು ಪಲ್ಲವಿ ಎಂಬ ಹುಡುಗಿ. ಅವಳ ಅಪ್ಪ ಹನುಮಂತಪ್ಪ, ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟದ ಕೆಳಗಿನ ಒಂದು ಹಳ್ಳಿಯವರು, ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ದಿನಗೂಲಿ. ಆ ವರ್ಷ ಬಳ್ಳಿಯಲ್ಲಿ ಬಂದ ದೊಡ್ಡ ಕಾಯಿಯೊಂದನ್ನು ಮಕ್ಕಳು ತೊಳೆದು, ಅರಿಶಿನ ಕುಂಕುಮ ಇಟ್ಟು, ಹರಾಜಿಗೆ ತಂದರು. ಮಗಳು ಬೆಳೆದ ಕಾಯಿ ಎಂದು ಹನುಮಂತಪ್ಪ ಮುಂದೆ ಬಂದು ನಿಂತರು.

ವಿಡಿಯೋ ಈ ಸಲ ಸ್ವಲ್ಪ ಜೋರಾಗಿರಲಿ ಎಂದು ಮೇಡಂ ಹೇಳಿದ್ದರಿಂದ ನಾನು ಎರಡು ಕ್ಯಾಮೆರಾ ತಂದಿದ್ದೆ. ಒಂದು ಸ್ಟ್ಯಾಂಡಿನ ಮೇಲೆ, ಕಂಡಕ್ಟ್ರಣ್ಣನಿಗೆ ಮುಖ ಮಾಡಿ. ಇನ್ನೊಂದು ನನ್ನ ಕೈಯಲ್ಲಿ, ಜನರಿಗೆ ಮುಖ ಮಾಡಿ. ಆವತ್ತು ಗದ್ದಲದಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಕಾಯಿ ಸಿರಾದ ಸಾಹೇಬರ ಪಾಲಾಯಿತು, ಮುಂದಿನ ಸಾಮಾನು ಬಂತು. ಎಡಿಟ್ ಮಾಡುವಾಗ ಎರಡೂ ಕಡೆಯ ಚಿತ್ರವನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಹನುಮಂತಪ್ಪ ಕೈ ಎತ್ತುತ್ತಾರೆ. ಕಂಡಕ್ಟ್ರಣ್ಣನ ಕಣ್ಣು ಒಂದು ಕ್ಷಣ ನೇರ ಅವರ ಮೇಲೆ ನಿಲ್ಲುತ್ತದೆ, ಪಕ್ಕಕ್ಕೆ ಸರಿಯುತ್ತದೆ. "ಎರಡನೇ ಸಾರಿ." ಹನುಮಂತಪ್ಪ ತುದಿಗಾಲಿನಲ್ಲಿ ನಿಂತು ಇನ್ನೂ ಎತ್ತರಕ್ಕೆ ಕೈ ಎತ್ತುತ್ತಾರೆ. ಕಂಡಕ್ಟ್ರಣ್ಣ ಸಾಹೇಬರ ಕಡೆ ತಿರುಗುತ್ತಾರೆ. "ಮೂರನೇ ಸಾರಿ." ಕೈ ನಿಧಾನವಾಗಿ ಕೆಳಗಿಳಿಯುತ್ತದೆ. ಮುಖಗಳು ಬಲು ಚೆನ್ನಾಗಿ ಬಂದಿದ್ದವು, ಹರಾಜಿನ ಬಿಸಿ ಎಲ್ಲ ಅದರಲ್ಲಿತ್ತು. ಸೋತರೇನೋ ಪಾಪ ಎಂದುಕೊಂಡು ಹಾಗೇ ಇಟ್ಟೆ.

ಬೇಸಿಗೆ ರಜೆಗೆ ಮುಂಚೆ ಮಕ್ಕಳನ್ನು ಕರೆದೊಯ್ಯಲು ತಂದೆ ತಾಯಿ ಬಂದ ದಿನ, ಒಂದು ಕೋಣೆಯ ಕಿಟಕಿಗೆಲ್ಲ ಬೆಡ್‌ಶೀಟು ಕಟ್ಟಿ ವಿಡಿಯೋ ತೋರಿಸಿದೆವು. ತಮ್ಮ ಮುಖ ಕಂಡಾಗಲೆಲ್ಲ ಮಕ್ಕಳು ನೆಗೆದಾಡಿದರು. ಮುಗಿದ ಮೇಲೆ ಹನುಮಂತಪ್ಪ ಎದ್ದು ಬಂದು, "ಕುಂಬ್ಳಕಾಯಿದು ಇನ್ನೊಂದ್ಸಾರಿ ಹಾಕ್ತೀರಾ ಮೇಡಂ?" ಎಂದು ಕೇಳಿದರು. ಮಗಳ ಕಾಯಿ ಎಂದು ಆಸೆಯೇನೋ ಎಂದು ಹಾಕಿದೆ. ನಿಂತುಕೊಂಡೇ ನೋಡಿದರು. ಆಮೇಲೆ ಪಲ್ಲವಿಯ ಕೈ ಹಿಡಿದು, ಅವಳ ಟ್ರಂಕು ಹೊತ್ತು, ಊಟಕ್ಕೂ ನಿಲ್ಲದೆ ಹೊರಟುಹೋದರು.

ಜೂನಿನಲ್ಲಿ ಶಾಲೆ ಶುರುವಾಯಿತು. ಪಲ್ಲವಿ ಬರಲಿಲ್ಲ. ಮೇಡಂ ಫೋನು ಮಾಡಿದರೆ, "ನಮ್ ಮಗ್ಳು ಇಲ್ಲೇ ಇರ್ತಾಳೆ ಮೇಡಂ, ಅಲ್ಲಿ ನಮ್ ಲೆಕ್ಕ ಇಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಮೇಡಂ ನನ್ನ ಸ್ಟುಡಿಯೋಗೆ ಬಂದು ಅತ್ತೇಬಿಟ್ಟರು. ಊರ ಶಾಲೆಯಲ್ಲಿ ಸನ್ನೆ ಭಾಷೆ ಬಲ್ಲ ಒಂದು ಜೀವವೂ ಇಲ್ಲ. ಅಲ್ಲಿ ಆ ಮಗು ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡಿಕೊಂಡು ಕೂರಬೇಕು. ಕಲಿತದ್ದೆಲ್ಲ ಒಂದು ವರ್ಷದಲ್ಲಿ ಕೈಬಿಟ್ಟು ಹೋಗುತ್ತದೆ.

ಹನುಮಂತಪ್ಪ ಕುಂಬಳಕಾಯಿಯ ತುಣುಕನ್ನು ಮತ್ತೆ ಹಾಕಿಸಿ ನೋಡಿದ್ದು ನೆನಪಾಯಿತು, ಕಂಡಕ್ಟ್ರಣ್ಣನನ್ನು ಕರೆಸಿ ಅದನ್ನೇ ತೋರಿಸಿದೆ. ತಮ್ಮ ಮುಖ ಎಡಗಡೆಯಿಂದ ಬಂದಿದೆಯೋ ಬಲಗಡೆಯಿಂದಲೋ ಎಂದು ಈ ಸಲ ಕೇಳಲಿಲ್ಲ.

"ನೀವು ಅವರನ್ನ ನೋಡಿರಲಿಲ್ಲ ಅಲ್ವಾ ಅಣ್ಣ?" ಅಂದೆ.

"ನೋಡ್ದೆ ಕಣಮ್ಮ. ನೋಡೇ ಬುಟ್ಟಿದ್ದು."

ಆಮೇಲೆ ಹೇಳಿದರು. ಹಿಂದೆ ಒಂದು ದೇವಸ್ಥಾನದಲ್ಲಿ ದೇವರ ಹಾರ ಕೂಗುವಾಗ ಬಡವನೊಬ್ಬ ಆವೇಶದಲ್ಲಿ ಮೇಲೆ ಮೇಲೆ ಏರಿಸಿ ಗೆದ್ದುಬಿಟ್ಟನಂತೆ. ಕೊಡಲು ಗತಿಯಿಲ್ಲ. ನಾಚಿಕೆಗೆ ಊರಿನವರ ಕಣ್ಣಿಗೆ ಬೀಳದೆ ತಿಂಗಳುಗಟ್ಟಲೆ ಓಡಾಡಿದ. ಕೂಗಿದ ಬಾಯಿ ತಮ್ಮದೇ. ಅಂದಿನಿಂದ ಇವರು ಒಂದು ಅಭ್ಯಾಸ ಮಾಡಿಕೊಂಡರು. ಅಷ್ಟು ದುಡ್ಡು ಹೊಂದಿಸಲಾರದವರು ಎಂದು ಕಂಡರೆ ಅವರ ಕೈ ಮೇಲೆ ಕಣ್ಣು ನಿಲ್ಲಿಸುತ್ತಿರಲಿಲ್ಲ. ಗದ್ದಲದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. "ಒಳ್ಳೇದೇ ಮಾಡ್ತಿದೀನಿ ಅಂತಿದ್ದೆ," ಅಂದರು. "ನಾಳೆ ನಿನ್ ಗಾಡಿ ಖಾಲಿ ಐತೇನಮ್ಮ?"

ಮರುದಿನ ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಹೊರಟೆವು. ಹಿಂದೆ ಕೂತ ಮನುಷ್ಯ ಕಂಡಕ್ಟರಿಕೆ ಬಿಟ್ಟಿರಲಿಲ್ಲ. ಪ್ರತಿ ಸಲ ಗಾಡಿ ನಿಂತು ಹೊರಟಾಗಲೂ ನನ್ನ ಸೀಟಿನ ಪಕ್ಕ ತಟ್ಟಿ "ರೈಟ್ ರೈಟ್!" ಮಿಡಿಗೇಶಿಯಲ್ಲಿ, "ಮಿಡಿಗೇಶಿ ಇಳ್ಯೋರು ಇಳ್ಕಳಿ" ಎಂದು ಜೋರಾಗಿ ಕೂಗಿದರು. ಹೋಟೆಲಿನ ಮುಂದೆ ಕೂತವರು ನಮ್ಮಿಬ್ಬರನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಹೆದರಿದಾಗ ಅವರ ಬಾಯಿ ಹೆಚ್ಚಾಗುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಹನುಮಂತಪ್ಪನವರ ಮನೆ ಊರಂಚಿನ ಕೇರಿಯಲ್ಲಿ. ಎರಡು ಕೋಣೆ, ಮೇಲೆ ಶೀಟು, ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಅವರ ಹೆಂಡತಿ "ರಾ ಅಕ್ಕಾ, ಕೂರ್ಚೋ" ಎಂದು ಚಾಪೆ ಹಾಸಿ ನೀರು ಕೊಟ್ಟರು. ಕಂಡಕ್ಟ್ರಣ್ಣ ತೆಲುಗಿನಲ್ಲಿ "ಬಾಗುನ್ನಾವಾ ಹನುಮಂತಪ್ಪ?" ಎಂದು ಕ್ಷೇಮ ಕೇಳಿ ಶುರು ಮಾಡಿದರು. ಹನುಮಂತಪ್ಪ ಕನ್ನಡದಲ್ಲೇ ಉತ್ತರ ಕೊಟ್ಟರು.

"ನೀವು ನನ್ನ ನೋಡುದ್ರಿ."

"ನೋಡ್ದೆ ಕಣಪ್ಪ."

"ಗಲಾಟೆನಾಗೆ ಕಾಣ್ಸಿರಕ್ಕಿಲ್ಲ ಅಂತ ಸುಮ್ಕಿದ್ದೆ. ಪಿಚ್ಚರ್ ನೋಡಿದ್ಮ್ಯಾಲೆ ಗೊತ್ತಾಯ್ತು."

"ನಿನ್ ಒಳ್ಳೇದಕ್ಕೇ ಕಣಪ್ಪ. ದಿನಗೂಲಿ ಮಾಡೋನು, ಆ ಸಾಹೇಬ್ರ ಮ್ಯಾಲೆ ಏರ್ಸಕ್ಕೆ ಓಗಿ, ಆಮ್ಯಾಲೆ ಕಷ್ಟಕ್ಕೆ ಸಿಗಾಕ್ಕಂಡ್ರೆ..."

"ನನ್ ಜೇಬು ನಿಮಗೆ ಹೆಂಗೆ ಗೊತ್ತು?" ಹನುಮಂತಪ್ಪನ ದನಿ ಏರಲಿಲ್ಲ. "ಎಷ್ಟಕ್ಕೆ ನಿಲ್ಲುಸ್ಬೇಕು ಅಂತ ಮನೇಲೇ ಲೆಕ್ಕ ಹಾಕ್ಕಂಡು ಬಂದಿದ್ದೆ. ಸೋತಿದ್ರೆ ಸೋತೆ ಅಂತ ಬತ್ತಿದ್ದೆ. ಕೊಡಕ್ಕಾಗದೆ ಓಗಿದ್ರೂ ಅದು ನನ್ ಮಾನ, ನಾನ್ ನೋಡ್ಕತಿದ್ದೆ."

ಕಂಡಕ್ಟ್ರಣ್ಣ ಏನೋ ಹೇಳಹೊರಟರು. ಹನುಮಂತಪ್ಪ ಬಿಡಲಿಲ್ಲ.

"ನಮ್ಮಪ್ಪ ಊರ ದೇವ್ರ ಹರಾಜ್ನಾಗೆ ಹೊರಗಡೆ ನಿಂತ್ಕಂಡು ನೋಡೋನು. ಒಂದ್ಸಾರಿ ಬಾಳೆಗೊನೆಗೆ ಕೈ ಎತ್ಬುಟ್ನಂತೆ. ಕೂಗೋರು ನೋಡುದ್ರು, ನೋಡ್ದೇ ಇದ್ದಂಗೆ ಬುಟ್ರು. ಯಾಕೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಅವ್ರು ಕೆಟ್ಟ ಮನಸ್ನಿಂದ ಬುಟ್ರು, ನೀವು ಒಳ್ಳೇ ಮನಸ್ನಿಂದ ಬುಟ್ರಿ. ಕೈ ಎತ್ಕಂಡು ನಿಂತೋನಿಗೆ ಎರಡೂ ಒಂದೇ ಅಲ್ವೇನಣ್ಣ?"

ಕಂಡಕ್ಟ್ರಣ್ಣ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನನಗೆ ಅವರ ಮೇಲೆ ಕನಿಕರವೂ ಬಂತು, ಹನುಮಂತಪ್ಪ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಎಂದೂ ಅನ್ನಿಸಿತು.

ಅಷ್ಟರಲ್ಲಿ ಒಳಗಿನಿಂದ ಪಲ್ಲವಿ ಓಡಿಬಂದಳು. ಕಂಡಕ್ಟ್ರಣ್ಣನನ್ನು ಕಂಡು ಮುಖವೆಲ್ಲ ಅರಳಿತು. ದೊಡ್ಡವರ ನಡುವೆ ಏನಾಗುತ್ತಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಅಂಗಳದಲ್ಲಿ ಮೇಯುತ್ತಿದ್ದ ಕೋಳಿಯನ್ನು ಹಿಡಿದು ತಂದು ಎಡಗಂಕುಳಿಗೆ ಸಿಕ್ಕಿಸಿಕೊಂಡು, ಹುಬ್ಬು ಹಾರಿಸಿ, ಒಂದು ಬೆರಳು ಎತ್ತಿ, ಅವರದೇ ಠೀವಿಯಲ್ಲಿ ಹರಾಜು ಶುರು ಮಾಡಿದಳು. ನನ್ನನ್ನು ಕೇಳಿದಳು, ಅಮ್ಮನನ್ನು ಕೇಳಿದಳು, ಅಪ್ಪನ ಮುಂದೆ ನಿಂತು ಗದ್ದ ಎತ್ತಿ ಸವಾಲು ಹಾಕಿದಳು. ಕೋಳಿ ರೆಕ್ಕೆ ಬಡಿಯುತ್ತಿತ್ತು. ಹನುಮಂತಪ್ಪನವರಿಗೆ ನಗು ತಡೆಯಲಾಗಲಿಲ್ಲ, ಮುಖ ಅತ್ತ ತಿರುಗಿಸಿಕೊಂಡರು. ಈ ಮಗುವಿನ ಮಾತು ಅರ್ಥವಾಗುವವರು ಆ ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ.

"ಸೋಮ್ವಾರ ಕರ್ಕಂಡ್ ಬತ್ತೀನಿ ಅಂತ ಮೇಡಮ್ಮೋರಿಗೆ ಹೇಳಿ," ಎಂದು ನನಗೆ ಹೇಳಿದರು. ಆಮೇಲೆ ಕಂಡಕ್ಟ್ರಣ್ಣನ ಕಡೆ ತಿರುಗಿದರು. "ನಿಮಗೋಸ್ಕರ ಅಲ್ಲ, ಅವ್ಳಿಗೋಸ್ಕರ. ಮುಂದ್ಲೊರ್ಷವೂ ಬತ್ತೀನಿ. ಕೈ ಎತ್ತುತೀನಿ."

ವಾಪಸು ಬರುವಾಗ ಹಿಂದಿನಿಂದ "ರೈಟ್" ಕೇಳಿಸಲಿಲ್ಲ. ಗಾಡಿ ನಿಂತಾಗಲೆಲ್ಲ ಅವರು ಇದ್ದಾರೋ ಬಿದ್ದ‌ರೋ ಎಂದು ತಿರುಗಿ ನೋಡುವಂತಾಯಿತು. ಮಿಡಿಗೇಶಿಯಲ್ಲಿ ಟೀ ಕುಡಿಯಲು ನಿಂತೆವು. ಲೋಟ ಕೈಯಲ್ಲೇ ಹಿಡಿದುಕೊಂಡು, "ಎಷ್ಟ್ ಜನದ್ದು ಕೈ ಇಂಗೆ ಬುಟ್ಟಿದೀನೋ ಕಣಮ್ಮ," ಅಂದರು. "ಒಬ್ರೂ ಬಂದು ಕೇಳ್ಳಿಲ್ಲ. ಕೇಳ್ದೆ ಇದ್ದುದ್ದಕ್ಕೆ ನಾನು ಬಾರೀ ಒಳ್ಳೇವ್ನು ಅಂತ ತಿಳ್ಕಂಡಿದ್ದೆ." ಟೀ ಆರಿಹೋಯಿತು, ಇನ್ನೊಂದು ಹೇಳಿದೆ.

ಆ ವರ್ಷವೆಲ್ಲ ಅವರು ಎಲ್ಲೂ ಹರಾಜು ಕೂಗಲಿಲ್ಲ ಎಂದು ಸುದ್ದಿ. ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಅಂದರಂತೆ. ಮಾಘ ಹತ್ತಿರ ಬಂದಾಗ ಮೇಡಂ ಹೆದರಿ ಹೆದರಿ ಕೇಳಿದ್ದಕ್ಕೆ, "ಅಲ್ಲಿಗೆ ಬರದೆ ಆಗತದಾ?" ಅಂದರು. ಮೇಳದ ದಿನ ಬಂದರು. ಕೂದಲಿಗೆ ಬಣ್ಣ ಬಿದ್ದಿರಲಿಲ್ಲ.

ಹಿತ್ತಲಿನ ಬಳ್ಳಿಯಲ್ಲಿ ಆ ಸಲವೂ ಕುಂಬಳಕಾಯಿ ಬಿಟ್ಟಿತ್ತು. ಪಲ್ಲವಿಯೇ ಹೊತ್ತು ತಂದು ಮೇಜಿನ ಮೇಲಿಟ್ಟಳು. ಹನುಮಂತಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿಗೆ ಬಂದರು. ಸಿರಾದ ಸಾಹೇಬರೂ ಇದ್ದರು. ನಾನು ಕ್ಯಾಮೆರಾ ಹಿಡಿದಿದ್ದೆ, ಚಿತ್ರ ಅಲುಗದಿರಲಿ ಎಂದು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದೆ.

ಹನುಮಂತಪ್ಪ ಕೈ ಎತ್ತಿ ಇನ್ನೂರು ಅಂದರು.

"ಪಾವಗಡ ತಾಲ್ಲೂಕು ಹನುಮಂತಪ್ಪನೋರು ಇನ್ನೂರು!" ಕಂಡಕ್ಟ್ರಣ್ಣನ ದನಿ ಬೆಟ್ಟಕ್ಕೆ ಬಡಿದು ಬಂತು. ಹನುಮಂತಪ್ಪನೋರು ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಸಾಹೇಬರು ಮುನ್ನೂರಕ್ಕೆ ಏರಿಸಿದರು. ಹನುಮಂತಪ್ಪ ನಾನೂರು. ಜನ ಸುತ್ತ ಸೇರಿದರು. ಹೀಗೇ ಹೋಗಿ ಹನುಮಂತಪ್ಪ ಒಂಬೈನೂರು ಎಂದಾಗ ಸಾಹೇಬರು ಸ್ವಲ್ಪ ತಡೆದರು. "ಹನುಮಂತಪ್ಪನೋರು ಒಂಬೈನೂರು, ಒಂದನೇ ಸಾರಿ! ಎರಡನೇ ಸಾರಿ!" ಆಗ ಸಾಹೇಬರ ಕೈ ಮೆಲ್ಲಗೆ ಮೇಲೆ ಹೋಯಿತು. ಅದನ್ನು ನೋಡದಂತೆ ಬಿಡುವುದು ಕಂಡಕ್ಟ್ರಣ್ಣನಿಗೆ ನೀರು ಕುಡಿದಷ್ಟು ಸುಲಭ. ಬಿಡಲಿ ದೇವರೇ ಎಂದು ನಾನೂ ಮನಸ್ಸಿನಲ್ಲಿ ಬೇಡಿಕೊಂಡೆ. ಅವರು ಬಿಡಲಿಲ್ಲ.

"ಸಾಹೇಬ್ರು ಸಾವಿರ!"

ಹನುಮಂತಪ್ಪ ಮಗಳ ಕಡೆ ನೋಡಿದರು, ಒಂದು ಸಲ ಉಸಿರೆಳೆದುಕೊಂಡರು, ಕೈಯನ್ನು ಮೇಲೆತ್ತದೆ ಸಾಕೆಂದು ತಲೆಯಾಡಿಸಿದರು. ಕಂಡಕ್ಟ್ರಣ್ಣ ಒಂದನೇ ಸಾರಿ ಕೂಗಿದರು. ಎರಡನೇ ಸಾರಿ ಕೂಗಿದರು. ಅಲ್ಲಿಗೆ ದನಿ ನಿಂತುಹೋಯಿತು. ಹನುಮಂತಪ್ಪನೇ ಕೆಳಗಿನಿಂದ, "ಕೂಗಣ್ಣ, ಮೂರ್ನೇದು ಕೂಗು" ಅಂದರು. ಕೂಗಿದರು.

ಸಾಹೇಬರು ದುಡ್ಡು ಕೊಟ್ಟು ಕಾಯಿ ಎತ್ತಿಕೊಂಡರು. ಎತ್ತಿಕೊಂಡ ಮೇಲೆ ಅವರಿಗೂ ಮನಸ್ಸು ಕರಗಿತೋ ಏನೋ, ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ಕಾಯಿಯನ್ನು ಪಲ್ಲವಿಯ ಕಡೆ ಚಾಚಿದರು. "ಲೇಲೋ ಬೇಟಿ, ನೀನೇ ಇಟ್ಕೋ." ಜನ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. ಹನುಮಂತಪ್ಪನ ಮುಖ ಬಿಗಿಯಿತು.

"ಬ್ಯಾಡ ಸಾಹೇಬ್ರೆ." ಕಂಡಕ್ಟ್ರಣ್ಣ ಮೈಕು ಕೆಳಗಿಟ್ಟು ಮೇಜಿನ ಹಿಂದಿನಿಂದ ಇಳಿದು ಬಂದಿದ್ದರು. "ಕೈ ಮುಗೀತೀನಿ, ನೀವೇ ತಗಂಡೋಗಿ. ಅವ್ರು ಕೂಗಿ ಸೋತವ್ರೆ. ಸೋಲಕ್ಕೂ ಬುಡಿ ಅವ್ರನ್ನ."

ಸಾಹೇಬರು ಒಂದು ಗಳಿಗೆ ಅವರ ಮುಖ ನೋಡಿದರು, ಹನುಮಂತಪ್ಪನ ಮುಖ ನೋಡಿದರು. ಕಾಯಿಯನ್ನು ಹಿಂದಕ್ಕೆಳೆದು ಎದೆಗವುಚಿಕೊಂಡರು.

ಹನುಮಂತಪ್ಪ ನಗಲು ಶುರು ಮಾಡಿದರು. ಬಾಯಿ ತುಂಬ, ಹೆಗಲು ಕುಣಿಸಿ ನಕ್ಕರು. "ಮುಂದ್ಲೊರ್ಷ ಐತೆ ಸಾಹೇಬ್ರೆ, ನಿಮ್ಮನ್ನ ಬುಡಕ್ಕಿಲ್ಲ," ಅಂದರು.